ಅಭೂತಪೂರ್ವ ಯಾರಿಗೆ?

ಹಿಂದೆ ಯಾವತ್ತೂ ಆಗದೇ ಇದ್ದದ್ದು ಆದಾಗ ಅದಕ್ಕೆ ಏನನ್ನಬೇಕು? ನಿಘಂಟಿನಲ್ಲಿ ಪದಗಳಿಗೇನು ಬರವಿಲ್ಲ. ಅಭೂತಪೂರ್ವ, ಅಪೂರ್ವ, ಅಶ್ರುತಪೂರ್ವ, ನ ಭೂತೋ ನ ಭವಿಷ್ಯತಿ. ಪತ್ರಿಕೆಯವರ ಕೈಗೆ ಕೊಟ್ಟರೆ ಐತಿಹಾಸಿಕ, ಚರಿತ್ರಾರ್ಹ, ಕಂಡು ಕೇಳರಿಯದ. ಇವೆಲ್ಲ ಸಮಾನಾರ್ಥಕ ಪದಗಳೆಂದು ಶಾಲೆಯಲ್ಲಿ ನಮಗೆ ಬಾಯಿಪಾಠ ಮಾಡಿಸಿದರು. ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಕಾಫಿ ಕುಯ್ದು, ಮೆಣಸು ಬಿಡಿಸಿ, ಲೈನುಮನೆಯಲ್ಲಿ ಮಲಗೆದ್ದವರು ನಾವು. ನಾವು ಹೇಳುತ್ತೇವೆ, ಇವು ಸಮಾನಾರ್ಥಕ ಅಲ್ಲ. ಸಮಾನತೆಯೇ ಇಲ್ಲದ ಊರಲ್ಲಿ ಸಮಾನಾರ್ಥ ಎಲ್ಲಿಂದ ಬಂತು ಸ್ವಾಮಿ?

ಮೊದಲು ಮಳೆಯ ಮಾತು ತೆಗೆದುಕೊಳ್ಳಿ. 2018ರ ಆಗಸ್ಟ್‌ನಲ್ಲಿ ಶಿರಾಡಿ ಘಾಟಿ ಮುಚ್ಚಿತು, ಸಕಲೇಶಪುರ-ಸುಬ್ರಹ್ಮಣ್ಯ ರೈಲುಹಾದಿಯ ಮೇಲೆ ಗುಡ್ಡ ಜರಿದು ಬಿತ್ತು. ಹಿಂದೆಂದೂ ಕಂಡರಿಯದ ಮಳೆ ಎಂದರು. 2019ರಲ್ಲಿ ಮತ್ತೆ ಮಳೆ, ಮತ್ತೆ ಕುಸಿತ. 2024ರ ಜುಲೈಯಲ್ಲಿ ದೊಡ್ಡತಪ್ಪಲೆ ಹತ್ತಿರ ಹೆದ್ದಾರಿ ಮೇಲೆ ಮಣ್ಣು ಇಳಿಯಿತು. ಆಗಲೂ ಅದೇ ಪದ. ಆರು ವರ್ಷದಲ್ಲಿ ಮೂರು ಸಲ ಆದದ್ದು ಅದ್ಯಾವ ಸೀಮೆಯ ಅಭೂತಪೂರ್ವ? ರಸ್ತೆ ಅಗಲ ಮಾಡಲು ಗುಡ್ಡದ ಬುಡವನ್ನು ನೆಟ್ಟಗೆ ಕಡಿದವರಿಗೆ ಈ ಪದ ಗೊರಬು ಇದ್ದ ಹಾಗೆ, ಒಂದು ಹನಿ ಮೈಮೇಲೆ ಬೀಳೋದಿಲ್ಲ. ಹಿಂದೆ ಆಗಿರಲಿಲ್ಲ ಎಂದರೆ ಮೊದಲೇ ತಿಳಿಯುವಂತಿರಲಿಲ್ಲ. ತಿಳಿಯುವಂತಿರಲಿಲ್ಲ ಎಂದರೆ ಹೊಣೆ ಯಾರದೂ ಅಲ್ಲ. ನಮ್ಮ ಗೋಡೆಗಳೋ, ಪ್ರತಿ ಆಷಾಢದಲ್ಲೂ ಬೀಳುತ್ತಲೇ ಬಂದಿವೆ. ಅದಕ್ಕೆ ಯಾರೂ ಸಂಸ್ಕೃತ ಹುಡುಕಲಿಲ್ಲ. 'ಪ್ರತಿ ವರ್ಷದ ಗೋಳು' ಅಂದು ಸುಮ್ಮನಾದರು.

ಕಾಫಿ ಬೆಲೆಯದೂ ಇದೇ ಕತೆ. 2024ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ದರ 1977ರ ದಾಖಲೆಯನ್ನು ಮುರಿಯಿತು. 2025ರ ಫೆಬ್ರವರಿ ಹೊತ್ತಿಗೆ ಪೌಂಡಿಗೆ 4 ಡಾಲರ್ ದಾಟಿತು. ಬ್ರೆಜಿಲಿನಲ್ಲಿ ಬರ ಬಿದ್ದರೆ ಇಲ್ಲಿ ತೋಟದ ಮನೆಗಳಲ್ಲಿ ಹಬ್ಬ. ಆಗಲಿ, ನಮಗೇನೂ ಹೊಟ್ಟೆಕಿಚ್ಚಿಲ್ಲ. ಹಿಂದೆಂದೂ ಇಲ್ಲದ ಬೆಲೆ ಬಂದಾಗ ಹಿಂದೆಂದೂ ಇಲ್ಲದ ಕೂಲಿಯೂ ಬರಬೇಕಲ್ಲ ಎಂದು ಕೇಳಿದೆವು, ಅಷ್ಟೆ. ಕೇಳಿದ ತಕ್ಷಣ ಪದ ಬದಲಾಯಿತು. "ಇದೇನಿದು ಹೊಸ ಚಾಳಿ? ನಿಮ್ಮಪ್ಪಂದಿರು ಹಿಂಗೆ ಕೇಳಿದ್ದರಾ?"

ನೋಡಿ, ಗುಟ್ಟು ಇರೋದು ಇಲ್ಲಿ. 'ಹಿಂದೆ ಆಗಿರಲಿಲ್ಲ' ಎಂಬ ಒಂದೇ ಅರ್ಥಕ್ಕೆ ಈ ಸೀಮೆಯಲ್ಲಿ ಎರಡು ಸಾಲು ಪದಗಳಿವೆ. ಉಳ್ಳವನು ಮಾಡಿದರೆ ಅಪೂರ್ವ, ಐತಿಹಾಸಿಕ. ಇಲ್ಲದವನು ಮಾಡಿದರೆ ಹೊಸ ಚಾಳಿ, ಇಲ್ಲದ ಪದ್ಧತಿ, ಅನಾಚಾರ, ಅಧಿಕಪ್ರಸಂಗ. ಎರಡನೆಯ ಸಾಲನ್ನು ಯಾವ ನಿಘಂಟುಕಾರನೂ ಮೊದಲನೆಯದರ ಪಕ್ಕ ಇಟ್ಟಿಲ್ಲ. ಪದಗಳಿಗೂ ಊರು, ಕೇರಿ ಬೇರೆಬೇರೆ.

ನಮ್ಮ ಜಿಲ್ಲೆಯದೇ ಉದಾಹರಣೆ. 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಣ್ಣುಮಕ್ಕಳು ಬಸವೇಶ್ವರನ ಗುಡಿಯೊಳಗೆ ಕಾಲಿಟ್ಟರು. ಹಿಂದೆ ಆಗದ್ದು ಆಯಿತು. ಅದಕ್ಕೆ ಸಿಕ್ಕ ಪದ ದಂಡ. ಬಸವಣ್ಣನ ಹೆಸರಿನ ಗುಡಿಯಲ್ಲೇ! 2021ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ ಅಧಿಕಾರಿಗಳು, ಪೊಲೀಸರು ನಿಂತು ದಲಿತರನ್ನು ದೇವಸ್ಥಾನಕ್ಕೆ ಕರೆದೊಯ್ದರು. ಇದು ಐತಿಹಾಸಿಕವಂತೆ. ಸಂವಿಧಾನದ 17ನೇ ವಿಧಿ ಜಾರಿಯಾದದ್ದು 1950ರಲ್ಲಿ. 71 ವರ್ಷ ತಡವಾಗಿ ಬಂದದ್ದನ್ನು ಐತಿಹಾಸಿಕ ಎನ್ನುವವರಿಗೆ ನಾಚಿಕೆಯಾಗಬೇಕು. ಅದಕ್ಕೆ ಸರಿಯಾದ ಕನ್ನಡ ಪದ 'ಬಾಕಿ'.

ಬಾಬಾಸಾಹೇಬರು 1927ರಲ್ಲಿ ಮಹಾಡಿನ ಚವದಾರ್ ಕೆರೆಯ ನೀರು ಮುಟ್ಟಿದರು. ನೀರು ಕುಡಿಯುವುದು ಲೋಕದಲ್ಲಿ ಹೊಸತೇನಲ್ಲ, ದನವೂ ಕುಡಿಯುತ್ತದೆ. ಆದರೂ ಕೆರೆಗೆ ಪಂಚಗವ್ಯ ಸುರಿದು ಶುದ್ಧಿ ಮಾಡಿದರು. ಮನುಷ್ಯ ನೀರು ಕುಡಿದದ್ದೇ ಅಭೂತಪೂರ್ವ ಆಗುವ ಸಮಾಜ ಎಂಥದ್ದು ಎಂದು ಯೋಚಿಸಿ.

ಈಗ ಭೂಮಿಗೆ ಬನ್ನಿ, ಅಸಲು ಜಗಳ ಅದೇ. 2022ರಲ್ಲಿ ಕರ್ನಾಟಕ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದರು. ಸರ್ಕಾರಿ ಜಮೀನು ಒತ್ತುವರಿ ಮಾಡಿ ಕಾಫಿ, ಏಲಕ್ಕಿ, ಮೆಣಸು ಬೆಳೆದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ. ಒತ್ತಿಕೊಂಡವನಿಗೇ ಕಾಗದ! ಇದನ್ನು ಯಾರೂ 'ಇಲ್ಲದ ಪದ್ಧತಿ' ಅನ್ನಲಿಲ್ಲ, ಬೆಳೆಗಾರರ ಬಹುದಿನದ ಬೇಡಿಕೆ ಅಂದರು. ಅದೇ ತೋಟದ ಲೈನುಮನೆಯಲ್ಲಿ ಮೂರು ತಲೆಮಾರು ಕಳೆದವನು ಒಂದು ನಿವೇಶನ ಕೇಳಿದರೆ "ಜಾಗ ಎಲ್ಲಿದೆ?" ಅನ್ನುತ್ತಾರೆ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಮನೆ ಕೊಡಿ ಎಂದಿತು. ಆ ಮನೆ ಕೆಲಸ ಇರೋತನಕ ಮಾತ್ರ. ಸೊಂಟ ಬಿದ್ದ ದಿನ ಮನೆಯೂ ಹೋಯಿತು. 25 ಎಕರೆಗೆ ಇರುವ ಜಾಗ ಮೂವತ್ತು-ನಲವತ್ತು ಅಡಿಗೆ ಇಲ್ಲ ಎಂಬುದೇ ನಿಜವಾಗಿ ಕಂಡು ಕೇಳರಿಯದ ಲೆಕ್ಕ.

'ನ ಭೂತೋ ನ ಭವಿಷ್ಯತಿ' ಎಂಬುದರ ಬಗ್ಗೆ ನಮ್ಮ ತಕರಾರು ಬೇರೆಯೇ. ಹಿಂದೆ ಆಗಿಲ್ಲ ಎಂದರೆ ಒಪ್ಪೋಣ. ಮುಂದೆಯೂ ಆಗುವುದಿಲ್ಲ ಎನ್ನಲು ಇವರ್ಯಾರು? ಹೊಗಳಿಕೆಯ ಜೊತೆಗೇ ಬಾಗಿಲಿಗೆ ಚಿಲಕ ಹಾಕುವ ಪದ ಅದು. ನಮ್ಮ ಅವ್ವಂದಿರ ಬಾಯಲ್ಲಿ ಇಂಥ ಚಿಲಕ ಇಲ್ಲ. "ನಮ್ಮ ಕಾಲ್ದಾಗೆ ಇರ್ನಿಲ್ಲ ಕಣಪ್ಪ" ಅನ್ನುತ್ತಾರೆ. ಅದರಲ್ಲಿ ಕಾಲ ಅವರದು ಮಾತ್ರ, ಮುಂದಿನದನ್ನು ಮಕ್ಕಳಿಗೆ ಬಿಟ್ಟಿರುತ್ತಾರೆ. ಈ ಮಾತನ್ನು ಯಾಕೆ ಬರೆಸುವುದಿಲ್ಲ ಮೇಷ್ಟ್ರೇ, ಪರೀಕ್ಷೆಯಲ್ಲಿ?

ಗುತ್ತಿಗೆಗೆ ಅರ್ಜಿ ಹಾಕಿದವರ ಪಟ್ಟಿ ಕೊಡಿ ಎಂದು ಮಾಹಿತಿ ಹಕ್ಕಿನಲ್ಲಿ ಯಾರು ಬೇಕಾದರೂ ಕೇಳಬಹುದು, ಅರ್ಜಿ ಶುಲ್ಕ ಹತ್ತೇ ರೂಪಾಯಿ. ಆಲೂರಿನವರು ಆಲೂರಿನಲ್ಲಿ ಕೇಳಿ, ಸಕಲೇಶಪುರದವರು ಸಕಲೇಶಪುರದಲ್ಲಿ. ಪಟ್ಟಿ ಸಿಕ್ಕ ಮೇಲೆ ನಿವೇಶನ ಇಲ್ಲದವರ ಪಟ್ಟಿಯನ್ನು ನಾವೇ ಲೈನು ಲೈನು ತಿರುಗಿ ಬರೆದು, ಎರಡನ್ನೂ ಒಟ್ಟಿಗೆ ತಹಶೀಲ್ದಾರರ ಮೇಜಿನ ಮೇಲಿಡೋಣ. "ಹಿಂಗೆ ಹಿಂದೆ ಯಾರೂ ಮಾಡಿರಲಿಲ್ಲವಲ್ರೀ" ಅಂತ ಅವರು ಅಂದರೆ, ಹೌದು ಸಾರ್ ಅನ್ನಿ, ರಸೀದಿ ಕೇಳಿ.