ಕೀಮೋ ಸೋತರೆ ತಪ್ಪು ರೋಗಿಯದ್ದಲ್ಲ

ಪಿಯುಸಿಯಲ್ಲಿ ಪಿಸಿಎಂಸಿ, ಪಿಸಿಎಂಇ ತೆಗೆದುಕೊಂಡ ದಿನವೇ ನಮ್ಮಲ್ಲಿ ಹೆಚ್ಚಿನವರು ಬಯಾಲಜಿಗೆ ಕೈಮುಗಿದಿರುತ್ತೇವೆ. ಎಂಜಿನಿಯರಿಂಗ್‌ಗೆ ಬಂದ ಮೇಲೆ ‘ಬಯಾಲಜಿ ಫಾರ್ ಎಂಜಿನಿಯರ್ಸ್’ ಎಂಬ ವಿಷಯ ಎದುರಾದಾಗ ಹಾಸ್ಟೆಲ್‌ನಲ್ಲಿ ಕೇಳುವ ಮೊದಲ ಮಾತು, ‘ಇದು ನಮಗ್ಯಾಕೆ?’ ಪರೀಕ್ಷೆಯ ಹಿಂದಿನ ರಾತ್ರಿ ನಾಲ್ಕು ಪಾಯಿಂಟ್ ಓದಿ ಪಾಸಾದರೆ ಮುಗಿಯಿತು. ಐದನೇ ಸೆಮಿಸ್ಟರ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿರುವ ನಾನು ಇದಕ್ಕೆ ತದ್ವಿರುದ್ಧ ಮಾತು ಹೇಳಬೇಕೆಂದಿದ್ದೇನೆ. ಕ್ಯಾನ್ಸರ್ ಔಷಧಿಗೆ ಏಕೆ ಬಗ್ಗುವುದಿಲ್ಲ ಎಂಬ ಪ್ರಶ್ನೆ ಡಾಕ್ಟರುಗಳದ್ದು ಎಷ್ಟೋ, ನಮ್ಮದೂ ಅಷ್ಟೇ.

ನನ್ನ ದೊಡ್ಡಮ್ಮನಿಗೆ ಅಂಡಾಶಯದ ಕ್ಯಾನ್ಸರ್ ಆಗಿತ್ತು. ಆರು ಸಲ ಕೀಮೋ ಆದ ಮೇಲೆ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಐದೇ ತಿಂಗಳಲ್ಲಿ ಕಾಯಿಲೆ ಮರಳಿ ಬಂತು. ಮೊದಲ ಸಲ ಗಡ್ಡೆ ಕರಗಿಸಿದ್ದ ಔಷಧಿ ಇನ್ನು ಕೆಲಸ ಮಾಡುವುದಿಲ್ಲ ಎಂದರು ಡಾಕ್ಟರು. ನೋಡಲು ಬಂದ ನೆಂಟರು ತಲೆಗೊಂದು ಮಾತಾಡಿದರು. ‘ಪಥ್ಯ ಸರಿಯಾಗಿ ಮಾಡಲಿಲ್ಲವೇನೋ’, ‘ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಿತ್ತು’, ‘ಧೈರ್ಯ ಇದ್ದವರು ಗೆದ್ದು ಬಂದಿದ್ದಾರೆ’. ಎಲ್ಲವನ್ನೂ ಕೇಳಿಸಿಕೊಂಡ ದೊಡ್ಡಮ್ಮ ಒಂದು ದಿನ, ‘ನಾನೇನು ತಪ್ಪು ಮಾಡ್ದೆ ಹೇಳು ಪುಟ್ಟ’ ಎಂದು ನನ್ನನ್ನು ಕೇಳಿದ್ದರು. ಅವರು ಈಗಿಲ್ಲ. ಅವರು ಯಾವ ತಪ್ಪನ್ನೂ ಮಾಡಿರಲಿಲ್ಲ. ಬದಲಾಗಿದ್ದು ಕ್ಯಾನ್ಸರ್ ಕೋಶಗಳು. ಆ ಬದಲಾವಣೆಯಲ್ಲಿ ಪಾತ್ರ ವಹಿಸುವವುಗಳಲ್ಲಿ ಒಂದು, ಮೈಕ್ರೋಆರ್‌ಎನ್‌ಎ ಎಂಬ ಬಹಳ ಸಣ್ಣ ಅಣು.

ಅದನ್ನು ನಮ್ಮ ಕಾಲೇಜಿನ ಭಾಷೆಯಲ್ಲೇ ಹೇಳಬಹುದು. ಡಿಎನ್‌ಎ ಎಂದರೆ ಲೈಬ್ರರಿಯ ರೆಫರೆನ್ಸ್ ಸೆಕ್ಷನ್‌ನಲ್ಲಿರುವ ಪುಸ್ತಕ. ಹೊರಗೆ ಒಯ್ಯುವಂತಿಲ್ಲ, ಬೇಕಾದ ಪುಟದ ಜೆರಾಕ್ಸ್ ಮಾಡಿಸಿಕೊಳ್ಳಬೇಕು. ಆ ಜೆರಾಕ್ಸ್ ಪ್ರತಿಯೇ ಮೆಸೆಂಜರ್ ಆರ್‌ಎನ್‌ಎ. ಅದನ್ನು ಓದಿಕೊಂಡು ಕೋಶ ಪ್ರೋಟೀನ್ ತಯಾರಿಸುತ್ತದೆ. ಮೈಕ್ರೋಆರ್‌ಎನ್‌ಎ ಸುಮಾರು 22 ಅಕ್ಷರಗಳ ತುಣುಕು. ಅದರಿಂದ ಯಾವ ಪ್ರೋಟೀನೂ ತಯಾರಾಗುವುದಿಲ್ಲ. ಆದರೆ ತನಗೆ ಹೊಂದುವ ಸಾಲಿರುವ ಪ್ರತಿಗೆ ಅಂಟಿಕೊಂಡು ಅದನ್ನು ಓದದಂತೆ ತಡೆಯುತ್ತದೆ ಇಲ್ಲವೇ ಹರಿದುಹೋಗುವಂತೆ ಮಾಡುತ್ತದೆ. ಒಂದೇ ಮೈಕ್ರೋಆರ್‌ಎನ್‌ಎ ನೂರಾರು ಜೀನ್‌ಗಳ ವಾಲ್ಯೂಮ್ ತಗ್ಗಿಸಬಲ್ಲದು. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇದು ನಡೆಯುವ ಬಗೆಯನ್ನು ತೋರಿಸಿಕೊಟ್ಟಾಗ ಹೆಚ್ಚಿನವರು ಅದನ್ನು ಹುಳುವಿನ ವಿಚಾರ ಎಂದೇ ಭಾವಿಸಿದ್ದರು. 2000ದಲ್ಲಿ ಮನುಷ್ಯರಲ್ಲೂ ಇಂಥದ್ದು ಇರುವುದು ತಿಳಿಯಿತು. 2024ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಇದಕ್ಕೂ ಕೀಮೋಗೂ ಏನು ಸಂಬಂಧ? ಕೀಮೋ ಔಷಧಿ ಕೋಶಕ್ಕೆ ಪೆಟ್ಟು ಕೊಡುತ್ತದೆ. ಆ ಪೆಟ್ಟು ತಿಂದ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳಬೇಕು. ಬಿಸಿಎಲ್–2 ಎಂಬ ಪ್ರೋಟೀನ್ ಅದಕ್ಕೆ ಅಡ್ಡ ನಿಲ್ಲುತ್ತದೆ. ಅದನ್ನು ಹದ್ದುಬಸ್ತಿನಲ್ಲಿಡುವವು ಮಿರ್–15 ಮತ್ತು ಮಿರ್–16 ಎಂಬ ಮೈಕ್ರೋಆರ್‌ಎನ್‌ಎಗಳು. ಒಂದು ಬಗೆಯ ರಕ್ತದ ಕ್ಯಾನ್ಸರ್‌ನಲ್ಲಿ ಇವೆರಡರ ಜೀನ್‌ಗಳೇ ಅಳಿಸಿಹೋಗಿರುವುದನ್ನು ಕಾರ್ಲೋ ಕ್ರೋಚೆ ಅವರ ತಂಡ 2002ರಲ್ಲಿ ಕಂಡುಕೊಂಡಿತು. ಕಾವಲುಗಾರ ಇಲ್ಲವಾದರೆ ಬಿಸಿಎಲ್–2 ಏರುತ್ತದೆ, ಸಾಯಬೇಕಾದ ಕೋಶ ಬದುಕಿ ಉಳಿಯುತ್ತದೆ. ಮಿರ್–21ರದ್ದು ಇದಕ್ಕೆ ವಿರುದ್ಧ ಕಥೆ. ಹಲವು ಕ್ಯಾನ್ಸರ್‌ಗಳಲ್ಲಿ ಅದು ಅತಿಯಾಗಿ ತಯಾರಾಗಿ, ಬೆಳವಣಿಗೆಗೆ ಬ್ರೇಕ್ ಹಾಕುವ ಪಿಟೆನ್ ಎಂಬ ಜೀನನ್ನು ಅದುಮುತ್ತದೆ. ಇನ್ನು ಕೆಲವು ಮೈಕ್ರೋಆರ್‌ಎನ್‌ಎಗಳ ಏರಿಳಿತ, ಒಳಬಂದ ಔಷಧಿಯನ್ನು ಹೊರದಬ್ಬುವ ಪಂಪ್‌ನಂಥ ಪ್ರೋಟೀನಿನ ಪ್ರಮಾಣವನ್ನೇ ಬದಲಿಸುತ್ತದೆ.

ನನ್ನಂಥ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ ಕಣ್ಣರಳಿಸುವುದು ಮಿರ್–200ರ ವಿಷಯದಲ್ಲಿ. ಅದು ಝೆಬ್–1 ಎಂಬ ಜೀನನ್ನು ಅದುಮುತ್ತದೆ, ಝೆಬ್–1 ತಿರುಗಿ ಮಿರ್–200 ಅನ್ನು ಅದುಮುತ್ತದೆ. ಎರಡು ನಾರ್ ಗೇಟ್‌ಗಳ ಔಟ್‌ಪುಟ್ಟನ್ನು ಪರಸ್ಪರ ಇನ್‌ಪುಟ್‌ಗೆ ಜೋಡಿಸಿದರೆ ಏನಾಗುತ್ತದೆ? ಎಸ್‌ಆರ್ ಲ್ಯಾಚ್! ಡಿಜಿಟಲ್ ಲ್ಯಾಬ್‌ನಲ್ಲಿ ನಾವು ಬ್ರೆಡ್‌ಬೋರ್ಡ್ ಮೇಲೆ ಕಟ್ಟುವ ಅದೇ ಸರ್ಕ್ಯೂಟ್. ಲ್ಯಾಚ್‌ನ ಗುಣವೇ ನೆನಪು. ಒಮ್ಮೆ ಒಂದು ಕಡೆಗೆ ವಾಲಿದರೆ ಸಿಗ್ನಲ್ ತೆಗೆದ ಮೇಲೂ ಅಲ್ಲೇ ನಿಲ್ಲುತ್ತದೆ. ಮಿರ್–200 ಕುಸಿದ ಕೋಶ ಅಕ್ಕಪಕ್ಕದ ಕೋಶಗಳ ಹಿಡಿತ ಬಿಡಿಸಿಕೊಂಡು ಅಲೆಯತೊಡಗುತ್ತದೆ, ಔಷಧಿಗೂ ಜಗ್ಗದಂತಾಗುತ್ತದೆ. ಗರ್ಭಕೋಶ, ಅಂಡಾಶಯದ ಕ್ಯಾನ್ಸರ್ ಕೋಶಗಳಿಗೆ ಪ್ರಯೋಗಾಲಯದಲ್ಲಿ ಇದೇ ಕುಟುಂಬದ ಮಿರ್–200ಸಿ ಮರಳಿಸಿದಾಗ ಅವು ಪ್ಯಾಕ್ಲಿಟಾಕ್ಸೆಲ್‌ನಂಥ ಔಷಧಿಗೆ ಮತ್ತೆ ಬಗ್ಗಿದ್ದುಂಟು.

ಈ ಸರ್ಕ್ಯೂಟನ್ನು ಸಮೀಕರಣಗಳಲ್ಲಿ ಬಿಡಿಸಿದ್ದು ಅಮೆರಿಕದ ರೈಸ್ ವಿಶ್ವವಿದ್ಯಾಲಯದ ತಂಡ. ಎರಡು ಸ್ಥಿತಿಗಳ ನಡುವೆ ಮೂರನೆಯದೊಂದು ಮಿಶ್ರ ಸ್ಥಿತಿಯೂ ಇರಬಲ್ಲದು ಎಂದು 2013ರಲ್ಲಿ ಅವರ ಲೆಕ್ಕ ತೋರಿಸಿತು. ಆಗ ಆ ತಂಡದಲ್ಲಿ ಪಿಎಚ್‌.ಡಿ. ವಿದ್ಯಾರ್ಥಿಯಾಗಿದ್ದ ಮೋಹಿತ್ ಕುಮಾರ್ ಜಾಲಿ ಮುಂದೆ ಬೆಂಗಳೂರಿನ ಐಐಎಸ್‌ಸಿಗೆ ಬಂದು ಇದೇ ಹಾದಿಯ ಸಂಶೋಧನೆ ನಡೆಸುತ್ತಿದ್ದಾರೆ. ಅವರು ಬಳಸುವ ಡಿಫರೆನ್ಷಿಯಲ್ ಈಕ್ವೇಷನ್‌ಗಳು ನಮ್ಮ ಗಣಿತದ ಪಠ್ಯದಲ್ಲೂ ಇವೆ. ನಾವು ಅವುಗಳನ್ನು ಇಂಟರ್ನಲ್ಸ್‌ಗಾಗಿ ಮಾತ್ರ ಬಿಡಿಸುತ್ತೇವೆ.

ಹಾಗೆಂದು ‘ಆರ್‌ಎನ್‌ಎಯಿಂದ ಕ್ಯಾನ್ಸರ್ ಮಾಯ’ ಎಂಬ ವಾಟ್ಸ್‌ಆ್ಯಪ್ ಫಾರ್ವರ್ಡ್ ನಂಬಬೇಡಿ. ಕ್ಯಾನ್ಸರ್ ಕೋಶಗಳಲ್ಲಿ ಕಡಿಮೆಯಾಗುವ ಮಿರ್–34 ಅನ್ನು ಕೃತಕವಾಗಿ ತಯಾರಿಸಿ, ಕೊಬ್ಬಿನ ಸಣ್ಣ ಗುಳ್ಳೆಗಳಲ್ಲಿ ತುಂಬಿ ರೋಗಿಗಳಿಗೆ ಕೊಡುವ ಪ್ರಯೋಗ 2013ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಕೆಲವರಲ್ಲಿ ರೋಗನಿರೋಧಕ ವ್ಯವಸ್ಥೆ ತೀವ್ರವಾಗಿ ಕೆರಳಿತು, ಸಾವುಗಳೂ ಸಂಭವಿಸಿದವು. 2016ರಲ್ಲಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ನೂರಾರು ಜೀನ್‌ಗಳನ್ನು ಮುಟ್ಟುವ ಅಣುವನ್ನು ಬೇಕಾದ ಕೋಶಕ್ಕೆ ಮಾತ್ರ, ಬೇಕಾದಷ್ಟೇ ತಲುಪಿಸುವುದು ಹೇಗೆ? ಇಲ್ಲಿ ಬಯಾಲಜಿ ಎಷ್ಟಿದೆಯೋ ಮೆಟೀರಿಯಲ್ಸ್, ಕೆಮಿಕಲ್, ಕಂಟ್ರೋಲ್ ಸಿಸ್ಟಮ್ಸ್ ಕೂಡ ಅಷ್ಟೇ ಇವೆ.

‘ಲೋನ್ ತೀರಿಸಬೇಕು, ಪ್ಲೇಸ್‌ಮೆಂಟ್ ಮೊದಲು’ ಎಂದು ಗೆಳೆಯರು ಹೇಳುತ್ತಾರೆ. ಅದು ಸುಳ್ಳಲ್ಲ, ನನ್ನ ಮೇಲೂ ಎಜುಕೇಷನ್ ಲೋನ್ ಇದೆ. ಮೈಕ್ರೋಆರ್‌ಎನ್‌ಎ ಓದಿದರೆ ನಾಳೆಯೇ ಆಫರ್ ಲೆಟರ್ ಬರುತ್ತದೆ ಎಂದು ನಾನು ಹೇಳಲಾರೆ. ಆದರೆ ಇದಕ್ಕೆ ಬೇಕಾದ ಪೈಥಾನ್, ಸ್ಟ್ಯಾಟಿಸ್ಟಿಕ್ಸ್, ಮಷೀನ್ ಲರ್ನಿಂಗ್ ನಾವು ಹೇಗೂ ಕಲಿಯುವಂಥವೇ. ಹೇಗೂ ಕಲಿಯುವುದಾದರೆ ಅದೇ ಹಳೆಯ ಅಟೆಂಡೆನ್ಸ್ ಸಿಸ್ಟಮ್ ಪ್ರಾಜೆಕ್ಟನ್ನು ಸೀನಿಯರ್ಸ್‌ನಿಂದ ತಂದು ಹೆಸರು ಬದಲಿಸುವುದೇಕೆ? ‘ದಿ ಕ್ಯಾನ್ಸರ್ ಜೀನೋಮ್ ಅಟ್ಲಾಸ್’ ಎಂಬ ಅಮೆರಿಕದ ಯೋಜನೆ 33 ಬಗೆಯ ಕ್ಯಾನ್ಸರ್‌ಗಳ, 11 ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿ ಸಂಗ್ರಹಿಸಿದೆ. ರೋಗಿಗಳ ಗುರುತು ಬಿಟ್ಟುಕೊಡದ ದತ್ತಾಂಶ, ಮೈಕ್ರೋಆರ್‌ಎನ್‌ಎ ಪ್ರಮಾಣಗಳೂ ಸೇರಿ, ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ನಾಲ್ಕು ಜನರ ಬ್ಯಾಚ್, ಒಂದು ಲ್ಯಾಪ್‌ಟಾಪ್ ಸಾಕು. ಅದರಿಂದ ಹೊಸ ಔಷಧಿ ಹುಟ್ಟದಿರಬಹುದು. ಬಯಾಲಜಿ ವಿಭಾಗದ ಮೇಡಂ ಹತ್ತಿರ ಹೋಗಿ ಕೇಳಬೇಕಾದ ಹತ್ತು ಒಳ್ಳೆಯ ಪ್ರಶ್ನೆಗಳಂತೂ ಹುಟ್ಟುತ್ತವೆ.

ಪ್ರಾಜೆಕ್ಟ್ ಮಾಡಲಾಗದವರೂ ಒಂದು ಕೆಲಸ ಮಾಡಬಹುದು. ಕಾರಣ ಗೊತ್ತಿಲ್ಲದ ಕಡೆ ನಮ್ಮ ಜನ ಬೇಗ ಆರೋಪ ಹುಡುಕುತ್ತಾರೆ. ರೋಗಿಯ ಎದುರು ಕೂತು ಪಥ್ಯ, ಧೈರ್ಯ, ಹಣೆಬರಹದ ಲೆಕ್ಕ ಹಾಕುತ್ತಾರೆ. ಅಂಥ ಮಾತು ನಿಮ್ಮ ಮನೆಯ ಜಗಲಿಯಲ್ಲಿ ಶುರುವಾದರೆ ಸುಮ್ಮನಿರಬೇಡಿ. ಕೋಶದೊಳಗೆ ಒಂದು ಲ್ಯಾಚ್ ಆ ಕಡೆಗೆ ವಾಲಿರಬಹುದು, ಅದಕ್ಕೂ ಅವರ ಧೈರ್ಯಕ್ಕೂ ಸಂಬಂಧವಿಲ್ಲ ಎಂದು ಹೇಳಿ. ನೆಂಟರಿಗೆ ಲ್ಯಾಚ್ ಅರ್ಥವಾಗದಿದ್ದರೂ ಪರವಾಗಿಲ್ಲ, ತಪ್ಪು ತನ್ನದಲ್ಲ ಎಂಬುದು ಮಂಚದ ಮೇಲಿರುವವರ ಕಿವಿಗೆ ಬಿದ್ದರೆ ಸಾಕು.