ಅವೆನ್ಯೂ ರಸ್ತೆಯ ರೈಸ್ ಚರ್ಚು
ಚಾಮರಾಜಪೇಟೆಯಿಂದ ಮಾರ್ಕೆಟ್ ದಾಟಿ ಅವೆನ್ಯೂ ರಸ್ತೆಗೆ ಪಠ್ಯಪುಸ್ತಕ ಕೊಳ್ಳಲು ಹೋಗುವ ವಿದ್ಯಾರ್ಥಿಗಳಿಗೆ ಅಲ್ಲಿನ ರೈಸ್ ಸ್ಮಾರಕ ಚರ್ಚಿನ ಹೆಸರು ಯಾರದೆಂದು ಯಾರಾದರೂ ಹೇಳಬೇಕು. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ 1837ರಲ್ಲಿ ಬೆಂಗಳೂರಿಗೆ ಬಂದು, ಕನ್ನಡ ಕಲಿತು, ಅರ್ಧ ಶತಮಾನ ಇಲ್ಲಿ ದುಡಿದರು. ಪೇಟೆಯ ಹುಡುಗರಿಗೆ ಶಾಲೆ ನಡೆಸಿದರು. ಹೆಣ್ಣುಮಕ್ಕಳನ್ನು ಓದಿಗೆ ಕಳಿಸಲು ಮನೆಮನೆಯೂ ಹಿಂಜರಿಯುತ್ತಿದ್ದ 1840ರ ದಶಕದಲ್ಲಿ ಅವರ ಪತ್ನಿ ಬಾಲಕಿಯರ ಶಿಕ್ಷಣಕ್ಕೆ ಕೈಹಾಕಿದರು. ಉದ್ದೇಶ ಮತಪ್ರಚಾರವೇ, ಅದನ್ನವರು ಮುಚ್ಚಿಡಲಿಲ್ಲ. ಆ ಉದ್ದೇಶವನ್ನು ಒಪ್ಪದ ನಾನೂ ಆ ಶಾಲೆಗಳಿಗೆ ಋಣಿ. ಬೆಂಗಳೂರಲ್ಲೇ ಹುಟ್ಟಿದ ಮಗ ಬಿ.ಎಲ್. ರೈಸ್ ಶಾಸನಗಳನ್ನು ಸಂಗ್ರಹಿಸಿದ್ದು ಎಲ್ಲರಿಗೂ ಗೊತ್ತು. 1868ರಲ್ಲಿ ಮೈಸೂರು ಸಂಸ್ಥಾನಕ್ಕೆ ಹೋಬಳಿ ಶಾಲೆಗಳ ಯೋಜನೆ ರೂಪಿಸಿದವರೂ ಅವರೇ ಎಂಬುದು ನಮ್ಮ ಪಠ್ಯಗಳಲ್ಲಿ ಸೇರಲಿ.