ಫಾರಿನ್ ಟ್ರಿಪ್ಪೂ ಅಪ್ಪನ ಹೊಗೆಸೊಪ್ಪೂ

“ನೀವಿಬ್ಬರೇ ಹೋಗಿ ಬನ್ನಿ. ನಾವು ಬರೋದಿಲ್ಲ.”

ಹೊರಡೋಕೆ ಹದಿನಾಲ್ಕೇ ದಿನ ಇದ್ದಾಗ ಅಪ್ಪ ಫೋನಿನಲ್ಲಿ ಹೀಗೆ ಹೇಳಿಬಿಟ್ಟರು. ನಾನು ಆಫೀಸಿನ ಮೀಟಿಂಗ್ ರೂಮಿನ ಹೊರಗೆ ಲ್ಯಾಪ್‌ಟಾಪ್ ಹಿಡ್ಕೊಂಡು ನಿಂತಿದ್ದೆ. ಟಿಕೆಟ್ ಆಗಿತ್ತು, ವೀಸಾ ಬಂದಿತ್ತು, ಹೋಟೆಲಿಗೆ ದುಡ್ಡು ಕಟ್ಟಿ ಆಗಿತ್ತು. ಯಾಕಪ್ಪಾ ಅಂತ ಕೇಳಿದ್ರೆ “ಸುಮ್ಮನೆ ತಾಪತ್ರಯ” ಅಂದರು. ಅಮ್ಮನಿಗೆ ಕೊಡಿ ಅಂದೆ. ಅವಳು ಫೋನ್ ತಗೊಂಡು, “ನೀನು ಬೇಜಾರು ಮಾಡ್ಕೋಬೇಡ ಮಾರಾಯ್ತಿ” ಅಂತಷ್ಟೇ ಹೇಳಿ ಇಟ್ಟುಬಿಟ್ಟಳು.

ಆವತ್ತು ರಾತ್ರಿ ನಾನು ಅತ್ತೆ. ಸಿಟ್ಟಿಗೆ ಅತ್ತೆ ಅನ್ನೋದೇ ಸರಿ. ಮೂರು ತಿಂಗಳಿಂದ ಒಬ್ಬಳೇ ಒದ್ದಾಡ್ತಾ ಇದ್ದೆ. ಅಪ್ಪ-ಅಮ್ಮ ವಿಮಾನ ಹತ್ತಿದವರೇ ಅಲ್ಲ. ಸಾಗರದ ಹತ್ತಿರ ಒಂದು ಹಳ್ಳಿ, ಒಂದಿಷ್ಟು ಅಡಿಕೆ ತೋಟ, ಅಷ್ಟೇ ಅವರ ಪ್ರಪಂಚ. ಎರಡು ವರ್ಷದ ಹಿಂದೆ ಅಪ್ಪನಿಗೆ ಸ್ಟೆಂಟ್ ಹಾಕಿದಾಗ, ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದೆ: ಇವರನ್ನ ಒಂದು ಸಲವಾದ್ರೂ ಹೊರದೇಶಕ್ಕೆ ಕರ್ಕೊಂಡು ಹೋಗಬೇಕು. ಕೊಯ್ಲು ಮುಗಿದ ಮೇಲೆ, ಐದು ರಾತ್ರಿ, ಸಿಂಗಪುರ. ಬೆಂಗಳೂರಿಂದ ನಾಲ್ಕೂವರೆ ಗಂಟೆ ಹಾರಾಟ, ನಮಗಿಂತ ಎರಡೂವರೆ ಗಂಟೆ ಮುಂದೆ ಅಷ್ಟೇ, ಸಸ್ಯಾಹಾರಿ ಊಟಕ್ಕೆ ಲಿಟಲ್ ಇಂಡಿಯಾ ಇದೆ.

ಸಾಫ್ಟ್‌ವೇರ್‌ನವರ ಬುದ್ಧಿ ಗೊತ್ತಲ್ಲ, ಮೊದಲು ಎಕ್ಸೆಲ್ ಶೀಟ್ ಓಪನ್ ಮಾಡಿದೆ. ಅದರಲ್ಲಿ ಕೊನೆಗೆ 140 ಸಾಲು ಇತ್ತು. ಬೆಳಿಗ್ಗೆ ಏಳೂವರೆಗೆ ತಿಂಡಿ, ಎಂಟೂಕಾಲಿಗೆ ಮೆಟ್ರೋ, ಒಂಬತ್ತಕ್ಕೆ ಇನ್ನೊಂದು. ಹಸಿರು ಬಣ್ಣ ಅಂದ್ರೆ ಆಯ್ತು, ಕೆಂಪು ಅಂದ್ರೆ ಬಾಕಿ. ನನ್ನ ಗಂಡ ಒಂದು ದಿನ ಹಿಂದೆ ನಿಂತು ನೋಡಿ, “ನೀನು ಟ್ರಿಪ್ ಪ್ಲಾನ್ ಮಾಡ್ತಿದ್ದೀಯೋ, ಪ್ರೊಡಕ್ಷನ್ ರಿಲೀಸೋ?” ಅಂತ ಕೇಳಿದ. ಸಹಾಯ ಮಾಡ್ಲಾ ಅಂತಾನೂ ಕೇಳಿದ, ನಿಜ ಹೇಳಬೇಕು. ನಾನೇ ಬೇಡ ಅಂದಿದ್ದೆ. ನಿನಗೆ ವಿವರಿಸೋ ಹೊತ್ತಿಗೆ ನಾನೇ ಮಾಡಿ ಮುಗಿಸಿರ್ತೀನಿ ಅನ್ನೋ ಅಹಂಕಾರ.

ಆ ಅಹಂಕಾರಕ್ಕೆ ತಕ್ಕ ಶಾಸ್ತಿ ಟಿಕೆಟ್ ಬುಕ್ ಮಾಡುವಾಗಲೇ ಆಯ್ತು. ಇದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ನಿಮ್ಮಲ್ಲಿ ಹಲವರ ಮನೆಯಲ್ಲೂ ಇದೇ ಕಥೆ ಇರುತ್ತೆ. ನಮ್ಮ ಕಡೆ ಹಳಬರಿಗೆ ಸರ್‌ನೇಮ್ ಅನ್ನೋದೇ ಇಲ್ಲ. ಊರಿನದ್ದೊಂದು ಅಕ್ಷರ, ಅಪ್ಪನದ್ದೊಂದು ಅಕ್ಷರ, ಆಮೇಲೆ ಹೆಸರು, ಮುಗೀತು. ಅಮ್ಮನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಹೆಸರು ಒಂದೇ ಪದ. ನಾವು ಮೊದಲು ದುಬೈ ಅಂದ್ಕೊಂಡಿದ್ವಿ. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಪ್ರವಾಸಿ ವೀಸಾದ ಮೇಲೆ ಬಿಡೋದಿಲ್ಲ ಅಂತ ನಿಯಮ ತಂದಿತ್ತು. ಆಮೇಲೆ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ನಡೆಯುತ್ತೆ ಅಂತ ಸಡಿಲ ಮಾಡಿದರು. ಆದರೂ ನಂಗೆ ಹೆದರಿಕೆ, ಅದಕ್ಕೇ ಸಿಂಗಪುರ ಅಂತ ಆಗಿದ್ದು. ಅಷ್ಟೆಲ್ಲ ಓದಿಕೊಂಡವಳು ಏನು ಮಾಡಿದೆ ಹೇಳಿ? ರಾತ್ರಿ ಒಂದು ಗಂಟೆಗೆ, ರೇಟು ಏರಿಬಿಡುತ್ತೆ ಅನ್ನೋ ಗಾಬರಿಯಲ್ಲಿ, ‘ಲಾಸ್ಟ್ ನೇಮ್’ ಅನ್ನೋ ಜಾಗದಲ್ಲಿ ಅಪ್ಪನ ಹೆಸರು ಹಾಕಿ ದುಡ್ಡು ಕಟ್ಟಿಬಿಟ್ಟೆ.

ಇಂಥ ಪಾಸ್‌ಪೋರ್ಟ್ ಇದ್ದರೆ ಒಂದೊಂದು ಏರ್‌ಲೈನಿನದ್ದು ಒಂದೊಂದು ಪದ್ಧತಿ. ಕೆಲವರು ಅದೇ ಹೆಸರನ್ನ ಎರಡು ಸಲ ಹಾಕಿ ಅಂತಾರೆ, ಕೆಲವರು ಸರ್‌ನೇಮ್ ಇಲ್ಲ ಅಂತ ತೋರಿಸೋ ಮೂರಕ್ಷರದ ಕೋಡ್ ಹಾಕಿಸ್ತಾರೆ. ದುಡ್ಡು ಕಟ್ಟೋಕೆ ಮುಂಚೆ ಅವರ ನಿಯಮ ಓದಬೇಕು, ಇಲ್ಲಾ ಫೋನ್ ಮಾಡಿ ಕೇಳಬೇಕು. ನಾನು ಕಟ್ಟಿದ ಮೇಲೆ ಫೋನ್ ಮಾಡಿದೆ. ನಲವತ್ತು ನಿಮಿಷ ಹೋಲ್ಡ್ ಮ್ಯೂಸಿಕ್ ಕೇಳಿ, ಎರಡು ದಿನ ಈಮೇಲ್ ಬರೆದು, ಒಂದಿಷ್ಟು ದಂಡ ಕಟ್ಟಿ ಸರಿ ಮಾಡಿಸಿಕೊಂಡೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅಲ್ಲಿಂದ ಶುರು ನೋಡಿ, ರಾತ್ರಿ ಎರಡಕ್ಕೆ ಎಚ್ಚರ ಆಗೋದು, ಟಿಕೆಟ್ ತೆಗೆದು ಅಕ್ಷರ ಅಕ್ಷರ ಹೋಲಿಸೋದು, ಮತ್ತೆ ಮಲಗೋದು. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿದೆಯಾ ಅಂತ ಗೊತ್ತಿದ್ದದ್ದನ್ನೇ ನಾಲ್ಕು ಸಲ ನೋಡಿದ್ದೀನಿ.

ನನ್ನ ಗಾಬರಿಯನ್ನ ನಾನು ಮುಚ್ಚಿಟ್ಟಿದ್ದೀನಿ ಅಂತ ಅಂದ್ಕೊಂಡಿದ್ದೆ. ಅದು ವಾಟ್ಸಾಪ್‌ನಲ್ಲಿ ಊರಿಗೆ ಹೋಗ್ತಾ ಇತ್ತು. “ಅಮ್ಮಾ ಫೋಟೋ 35 ಎಂಎಂ ಅಗಲ, 45 ಎಂಎಂ ಎತ್ತರ, ಹಿಂದೆ ಬಿಳಿ ಇರಬೇಕು.” “ಅಪ್ಪಾ ಮಾತ್ರೆ ಚೀಟಿ ಇಂಗ್ಲಿಷಿನಲ್ಲಿ ಬರೆಸಿ.” “ಅಲ್ಲಿ ಉಗುಳಿದ್ರೆ ದಂಡ.” “ಚ್ಯೂಯಿಂಗ್ ಗಮ್ ತರೋ ಹಾಗಿಲ್ಲ.” “ಹೊಗೆಸೊಪ್ಪು ಪೂರ್ತಿ ನಿಷೇಧ, ನಿಮಗೆ ಹೇಗೂ ಅಭ್ಯಾಸ ತಪ್ಪಿದೆ ಬಿಡಿ.” ಫೋಟೋಗೋಸ್ಕರ ಅವರು ಎರಡು ಸಲ ಸಾಗರಕ್ಕೆ ಬಸ್ಸಿನಲ್ಲಿ ಓಡಾಡಿದ್ದರಂತೆ. ಕೊನೆಯ ಮೆಸೇಜ್ ಆದ ಮಾರನೇ ದಿನವೇ ಅಪ್ಪನ ಫೋನ್ ಬಂದಿದ್ದು ಅನ್ನೋದು ಆಮೇಲೆ ಸ್ಕ್ರೋಲ್ ಮಾಡಿ ನೋಡಿದಾಗ ಗೊತ್ತಾಯ್ತು.

ಶನಿವಾರ ಬೆಳಿಗ್ಗೆ ನಾನೊಬ್ಬಳೇ ಊರಿಗೆ ಹೋದೆ. ಲ್ಯಾಪ್‌ಟಾಪ್ ಒಯ್ಯಲಿಲ್ಲ. ಗಂಡನ ಸಲಹೆ ಅದು.

ಮಧ್ಯಾಹ್ನ ಊಟ ಆದ ಮೇಲೆ ಅಪ್ಪ ತೋಟಕ್ಕೆ ಹೊರಟಾಗ ನಾನೂ ಹಿಂದೆ ಹೋದೆ. ಸುಮಾರು ಹೊತ್ತು ಇಬ್ಬರೂ ಸುಮ್ಮನಿದ್ವಿ. ಅವರು ಬಸಿಗಾಲುವೆ ದಾಟಿ ಆ ಕಡೆ ನಿಂತು, ನನ್ನ ಮುಖ ನೋಡದೆ, “ನಂದು ಪೂರ್ತಿ ಬಿಟ್ಟಿಲ್ಲ” ಅಂದರು. ಏನು ಅಂತ ನಂಗೆ ಅರ್ಥ ಆಗೋಕೆ ಸ್ವಲ್ಪ ಹೊತ್ತು ಬೇಕಾಯ್ತು. ಸ್ಟೆಂಟ್ ಹಾಕಿದಾಗ ಡಾಕ್ಟರು ಎಲೆ-ಅಡಿಕೆ ಜೊತೆ ಹೊಗೆಸೊಪ್ಪು ಮುಟ್ಟಲೇಬಾರದು ಅಂದಿದ್ದರು. ಬಿಟ್ಟೆ ಅಂತ ನಮಗೆಲ್ಲ ಹೇಳಿದ್ದರು. ಬಿಟ್ಟಿರಲಿಲ್ಲ. ಪಂಪ್‌ಹೌಸಿನಲ್ಲಿ ಒಂದು ಡಬ್ಬಿ. “ಐದು ದಿವಸ ಹೋಟೆಲಿನಲ್ಲಿ ನಿಮ್ಮ ಜೊತೆ. ಅಲ್ಲಿ ಒಯ್ಯೋ ಹಾಗಿಲ್ಲ. ಇಲ್ಲಿ ಹೇಳೋ ಹಾಗೂ ಇಲ್ಲ. ನಾನು ಏನು ಮಾಡಲಿ?”

ನಾನು ಅಲ್ಲೇ ಜಗಳ ಮಾಡಬಹುದಿತ್ತು. ಅರ್ಧ ವಾಕ್ಯ ಬಾಯಿಗೂ ಬಂದಿತ್ತು. ಆದರೆ ಟಿಕೆಟ್ ಹೆಸರು ತಪ್ಪು ಮಾಡಿ, ದಂಡ ಕಟ್ಟಿ, ಮನೆಯವರಿಗೆಲ್ಲ ಮುಚ್ಚಿಟ್ಟವಳು ನಾನು. ಅದನ್ನೇ ಹೇಳಿದೆ. ಎಷ್ಟು ದಂಡ ಅಂತ ಕೇಳಿದರು. ಹೇಳಿದೆ. “ಅಷ್ಟಾ!” ಅಂದು ನಕ್ಕರು. ಎಷ್ಟೋ ದಿನದ ಮೇಲೆ ಅವರು ನಕ್ಕಿದ್ದು.

ಸಂಜೆ ಅಮ್ಮನಿಗೆ ಹೇಗೆ ಹೇಳೋದು ಅಂತ ನಾವಿಬ್ಬರೂ ತಡಬಡಾಯಿಸ್ತಾ ಇದ್ರೆ, ಅವಳು ಹಲಸಿನ ಹಪ್ಪಳ ಕರಿಯುತ್ತಾ, “ಗೊತ್ತಿಲ್ಲದೆ ಏನು, ದಿಂಬಿನ ಕವರ್ ಒಗೆಯೋಳು ನಾನಲ್ವಾ?” ಅಂದಳು.

ಆ ರಾತ್ರಿ ನಾವು ಮೂವರು ಜಗಲಿಯಲ್ಲಿ ಕೂತು ಟ್ರಿಪ್ ಮತ್ತೆ ಮೊದಲಿಂದ ಪ್ಲಾನ್ ಮಾಡಿದ್ವಿ. ಈ ಸಲ ನಾನು ಕೇಳಿದೆ, ಅವರು ಹೇಳಿದರು. ನಿಮಗೆ ಸಿಂಗಪುರದಲ್ಲಿ ಏನು ನೋಡಬೇಕು? ನಂಬಿ, ಮೂರು ತಿಂಗಳಲ್ಲಿ ನಾನು ಈ ಪ್ರಶ್ನೆ ಕೇಳಿರಲೇ ಇಲ್ಲ. ಅಪ್ಪನಿಗೆ ಬಂದರು ನೋಡಬೇಕು, ದೊಡ್ಡ ಹಡಗು. ಅಮ್ಮ ಬಹಳ ಹೊತ್ತು ಏನೂ ಇಲ್ಲ ಅಂದವಳು ಆಮೇಲೆ, “ಅಲ್ಲಿ ಸೀತಾಳೆ ದಂಡೆ ಥರದ ಹೂವಿನ ತೋಟ ಇದೆಯಂತಲ್ಲ, ಟಿವಿಯಲ್ಲಿ ತೋರಿಸಿದ್ದರು” ಅಂದಳು. ಮಳೆಗಾಲದ ಹೊತ್ತಿಗೆ ನಮ್ಮ ಮನೆ ಹಿಂದಿನ ಹಲಸಿನ ಮರದಲ್ಲಿ ಇಳಿಬೀಳುತ್ತಲ್ಲ, ಆ ಹೂವು. ಅದೂ ಆರ್ಕಿಡ್ಡೇ. ಸಿಂಗಪುರದ ರಾಷ್ಟ್ರೀಯ ಹೂವೂ ಒಂದು ಆರ್ಕಿಡ್. ಅಲ್ಲಿನ ಬೊಟಾನಿಕ್ ಗಾರ್ಡನ್ಸ್ 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು. ಒಳಗೆ ಹೋಗೋಕೆ ದುಡ್ಡಿಲ್ಲ, ಅದರೊಳಗಿನ ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್. ನನ್ನ 140 ಸಾಲಿನಲ್ಲಿ ಅದರ ಹೆಸರೇ ಇರಲಿಲ್ಲ! ಥೀಮ್ ಪಾರ್ಕ್ ಇತ್ತು. ಅರವತ್ತು ದಾಟಿದವರಿಗೆ ರೋಲರ್ ಕೋಸ್ಟರ್ ಯಾಕೆ ಅಂತ ನಂಗೇ ಗೊತ್ತಿಲ್ಲ.

ಹಳೇ ಲೆಕ್ಕ ಹೋಯ್ತು. ದಿನಕ್ಕೆ ಒಂದೇ ಜಾಗ, ಮಧ್ಯಾಹ್ನ ಹೋಟೆಲಿಗೆ ಬಂದು ಮಲಗೋದು, ಸಂಜೆ ಕಾಲು ಎಳೆದ ಕಡೆ. ಕೆಲಸ ಹಂಚಿದ್ವಿ. ಪಾಸ್‌ಪೋರ್ಟ್, ವೀಸಾ ಪ್ರಿಂಟ್, ಇನ್ಶೂರೆನ್ಸ್ ಎಲ್ಲ ಅಪ್ಪನ ಫೈಲಿಗೆ. ಸೊಸೈಟಿಯ ಕಾಗದ ಪತ್ರ ಮೂವತ್ತು ವರ್ಷ ಜೋಪಾನ ಮಾಡಿದವರು, ನನಗಿಂತ ಚೆನ್ನಾಗಿ ಇಟ್ಕೊಳ್ತಾರೆ. ಇನ್ಶೂರೆನ್ಸ್ ತಗೊಳ್ಳುವಾಗ ಸ್ಟೆಂಟ್ ವಿಷಯ ಮುಚ್ಚಿಡದೆ ಬರೆಸಿದ್ದೆ. ಹಳೇ ಕಾಯಿಲೆ ಹೇಳದೇ ಇದ್ದರೆ ಕ್ಲೇಮ್ ಮಾಡುವಾಗ ಕೈ ಎತ್ತಿಬಿಡಬಹುದು, ಇದೊಂದು ಮಾತ್ರ ನೆನಪಿಡಿ. ಸ್ಥಳೀಯ ಓಡಾಟ, ಹೋಟೆಲ್, ಮೂರು ಚೌಕಾಕಾರದ ಪಿನ್ನಿನ ಪ್ಲಗ್ ಅಡಾಪ್ಟರ್, ಇವೆಲ್ಲ ನನ್ನ ಗಂಡನ ಪಾಲಿಗೆ.

ತಿಂಡಿ ಅಮ್ಮನದ್ದು. ಆಗ ಇನ್ನೊಂದು ವಿಷಯ ಹೊರಗೆ ಬಿತ್ತು. ಅವಳು ಅಂಟಿನುಂಡೆ ಮಾಡಿ ಡಬ್ಬಿ ತುಂಬಿಟ್ಟಿದ್ದಳು, ಧಾರಾಳ ಗಸಗಸೆ ಹಾಕಿ. ಸಿಂಗಪುರದಲ್ಲಿ ಗಸಗಸೆ ನಿಷಿದ್ಧ ವಸ್ತು. ಅದರಲ್ಲಿ ಮಾರ್ಫೀನ್ ಅಂಶ ಇರಬಹುದು ಅಂತ ಮಾದಕ ವಸ್ತು ಇಲಾಖೆಯವರೇ ತಡೀತಾರೆ. ಯುಎಇಯಲ್ಲೂ ಹಾಗೇ. ನಮಗೆ ಪಾಯಸ, ಅವರಿಗೆ ಕೇಸು. ಅಮ್ಮ ಹೇಳದೆ ಬ್ಯಾಗಿಗೆ ಹಾಕಿದ್ದರೆ? ನನ್ನ ಬೈಗುಳಕ್ಕೆ ಹೆದರಿ ಹಾಗೇ ಮಾಡೋಣ ಅಂತಿದ್ದಳಂತೆ. ಇಡೀ ಒಣಕೊಬ್ಬರಿ ಕೂಡ ವಿಮಾನದಲ್ಲಿ ಬೇಡ, ಎಣ್ಣೆ ಅಂಶಕ್ಕೆ ಬೆಂಕಿ ಹತ್ತೋ ಭಯ ಅಂತ ಒಯ್ಯೋಕೆ ಬಿಡೋದಿಲ್ಲ. ಆ ಉಂಡೆಗಳನ್ನ ನಾವೇ ಎರಡು ದಿನದಲ್ಲಿ ಖಾಲಿ ಮಾಡಿದ್ವಿ. ಸಿಂಗಪುರಕ್ಕೆ ಚಕ್ಕುಲಿ ಹೋಯ್ತು.

ಅಪ್ಪನ ವಿಷಯ ಅಷ್ಟು ಸುಲಭ ಇರಲಿಲ್ಲ. ಐದು ದಿನ ಇಲ್ಲೇ ಬಿಟ್ಟು ನೋಡ್ತೀನಿ, ಆಗದಿದ್ರೆ ಬರಲ್ಲ, ಆಗ ಯಾರೂ ಏನೂ ಅನ್ನಬಾರದು ಅಂತ ಷರತ್ತು ಹಾಕಿದರು. ಒಪ್ಪಿಕೊಂಡ್ವಿ. ಊರಿನ ಡಾಕ್ಟರಿಗೂ ಹೇಳಿದರು. ಮೂರನೇ ದಿನ ತಲೆನೋವು, ಕೆಲಸದವನ ಮೇಲೆ ಕೂಗಾಟ, ಅಮ್ಮನ ಜೊತೆ ಮಾತು ಬಂದ್. ನಾನು ಬೆಂಗಳೂರಿನಲ್ಲಿ ಕೂತು ಫೋನ್ ಮಾಡದೆ ಸುಮ್ಮನಿರೋದು ಎಷ್ಟು ಕಷ್ಟ ಆಯ್ತು ಅಂದ್ರೆ, ವೀಸಾ ಅರ್ಜಿನೇ ವಾಸಿ ಅನ್ನಿಸಿಬಿಡ್ತು. ಆರನೇ ದಿನ ಅವರೇ ಫೋನ್ ಮಾಡಿ, “ಆ ಅರೈವಲ್ ಕಾರ್ಡ್ ಏನೋ ಇದೆಯಂತಲ್ಲ, ಅದು ತುಂಬಿದ್ಯಾ?” ಅಂತ ಕೇಳಿದರು. ಫೈಲು ಇಟ್ಕೊಂಡವರ ಅಧಿಕಾರ! ಸಿಂಗಪುರ ತಲುಪೋಕೆ ಮೂರು ದಿನದ ಒಳಗೆ ತುಂಬೋದು ಅದು, ಸರ್ಕಾರದ ಜಾಲತಾಣದಲ್ಲಿ ಉಚಿತ. ದುಡ್ಡು ಕೇಳೋ ನಕಲಿ ತಾಣಗಳೂ ಇವೆ, ಹುಷಾರು. ಇನ್ನೂ ಟೈಮ್ ಇದೆ ಅಪ್ಪಾ ಅಂದೆ.

ವಾಪಸ್ ಬಂದ ಮೇಲೆ ಪೂರ್ತಿ ಬಿಟ್ಟರಾ ಅಂತ ಕೇಳಬೇಡಿ. ಪಂಪ್‌ಹೌಸಿನ ಡಬ್ಬಿ ಈಗ ಅಡುಗೆಮನೆಯಲ್ಲಿದೆ, ಅಮ್ಮನ ಕಣ್ಣೆದುರಿಗೆ. ಅಷ್ಟು ಹೇಳಬಲ್ಲೆ.

ನನಗೂ ಒಂದು ಷರತ್ತು ಬಿದ್ದಿತ್ತು. ರಾತ್ರಿ ಒಂಬತ್ತರ ಮೇಲೆ ಟ್ರಿಪ್ ವಿಷಯ ಮಾತಾಡೋ ಹಾಗಿಲ್ಲ, ದಿನಕ್ಕೆ ಒಂದೇ ಮೆಸೇಜ್. ಎಲ್ಲ ದಿನ ಪಾಲಿಸಿದೆ ಅಂತ ಹೇಳಲಾರೆ. ಆದರೆ ರಾತ್ರಿ ಎರಡಕ್ಕೆ ಎಚ್ಚರ ಆಗೋದು ನಿಂತಿತು. ಯಾಕಂದ್ರೆ ನೋಡಿಕೊಳ್ಳೋಕೆ ನನ್ನ ಹತ್ತಿರ ಪಾಸ್‌ಪೋರ್ಟೇ ಇರಲಿಲ್ಲ, ಸಾಗರದಲ್ಲಿತ್ತು.

ಹೊರಡೋ ರಾತ್ರಿ ದೇವನಹಳ್ಳಿ ಏರ್‌ಪೋರ್ಟಿನ ಗೇಟ್ ಹತ್ತಿರ ಟ್ಯಾಕ್ಸಿ ಇಳಿದ ತಕ್ಷಣ ಹಳೇ ಅಭ್ಯಾಸಕ್ಕೆ ನನ್ನ ಹ್ಯಾಂಡ್‌ಬ್ಯಾಗ್‌ಗೆ ಕೈ ಹಾಕಿದೆ. ಪಾಸ್‌ಪೋರ್ಟ್ ಇಲ್ಲ! ಜಿಪ್ ಎಲ್ಲ ಎಳೆದು, ಪವರ್ ಬ್ಯಾಂಕು, ಮಾತ್ರೆ, ಚಾರ್ಜರ್ ಎಲ್ಲ ಟ್ರಾಲಿ ಮೇಲೆ ಸುರಿದೆ. ಅಪ್ಪ ನನ್ನನ್ನೇ ನೋಡ್ತಾ ನಿಂತಿದ್ದರು. ಕಂಕುಳಿನಿಂದ ಫೈಲು ತೆಗೆದು, ಹೆಬ್ಬೆರಳಿಗೆ ಎಂಜಲು ಹಚ್ಚಿ, ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿ ನನ್ನದನ್ನ ಕೈಗಿಟ್ಟರು. ಅಮ್ಮ ಮಾತ್ರ ಇದಕ್ಕೂ ತನಗೂ ಸಂಬಂಧ ಇಲ್ಲ ಅನ್ನೋ ಹಾಗೆ ಒಳಗಿನ ಲೈಟು ನೋಡ್ತಾ ಇದ್ದಳು.

“ಆ ಹೂವಿನ ತೋಟ ಎಷ್ಟನೇ ದಿನಕ್ಕೆ ಹಾಕಿದ್ದೀಯೆ?” ಅಂದಳು.

“ನಾಡಿದ್ದು.”

“ನಾಳೆಗೇ ಹಾಕು.”